ಬಾಂಬ್ ಉಳಿಕೆಯಿಂದ ಹುಟ್ಟಿತೇ ಗೊಬ್ಬರ? ಕಾವಿನ ಲೆಕ್ಕ ಬಿಡಿಸಿದ ಕಾರ್ಲ್ ಬಾಷ್ ಕಥೆ

ಎರಡನೇ ಮಹಾಯುದ್ಧ ಮುಗಿದಾಗ ಬಾಂಬ್ ತಯಾರಿಕೆಯ ರಾಸಾಯನಿಕ ರಾಶಿಗಟ್ಟಲೆ ಉಳಿಯಿತು, ಅದನ್ನು ಏನು ಮಾಡುವುದೆಂದು ತೋಚದೆ ಗೊಬ್ಬರ ಎಂದು ಹೆಸರಿಟ್ಟು ರೈತರ ತಲೆಗೆ ಕಟ್ಟಿದರು, ಯೂರಿಯಾ ಬಂದದ್ದೇ ಹೀಗೆ. ಈ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನಿಜವೇ ಎಂದು ನಮ್ಮನ್ನು ಕೇಳಿದವರಿದ್ದಾರೆ. ಕೆಲವೊಮ್ಮೆ ಇದರ ಬಾಲಕ್ಕೆ ಇನ್ನೊಂದು ಸಾಲೂ ಅಂಟಿಕೊಂಡಿರುತ್ತದೆ: ಇದನ್ನೆಲ್ಲ ಮಾಡಿದವನು ಡ್ರಿಲ್ಲಿಂಗ್ ಮಷೀನ್ ಮಾರುವ ಬಾಷ್ ಕಂಪನಿಯ ಯಜಮಾನ ಎಂದು.

ಮೊದಲು ಆ ಬಾಲವನ್ನು ಕತ್ತರಿಸೋಣ. ಬೆಂಗಳೂರಿನವರು ಇಂದಿಗೂ ಮೈಕೋ ಎಂದೇ ಕರೆಯುವ ಆಡುಗೋಡಿಯ ಬಾಷ್ ಕಂಪನಿಯ ಮೂಲಪುರುಷ ರಾಬರ್ಟ್ ಬಾಷ್. ಗೊಬ್ಬರದ ಕಥೆಗೆ ಸೇರಿದವರು ಕಾರ್ಲ್ ಬಾಷ್. ರಾಬರ್ಟ್ ಅವರು ಕಾರ್ಲ್‌ಗೆ ಚಿಕ್ಕಪ್ಪನಾಗಬೇಕು, ಅಷ್ಟೇ. ಇಬ್ಬರ ಕಂಪನಿಗಳೂ ಬೇರೆ, ಬದುಕೂ ಬೇರೆ.

ಇನ್ನು ಬಾಂಬ್ ವಿಚಾರ. ಸಂದೇಶದಲ್ಲಿ ಒಂದು ಚೂರು ನಿಜ ಇದೆ, ಆದರೆ ಅದರ ಕಾಲಕ್ರಮ ತಲೆಕೆಳಗಾಗಿದೆ. ಗೊಬ್ಬರಕ್ಕೆಂದು ಕಟ್ಟಿದ ಕಾರ್ಖಾನೆ ಮೊದಲು ಬಂತು, ಮದ್ದುಗುಂಡು ಆಮೇಲೆ. ಅದೂ ಎರಡನೇ ಮಹಾಯುದ್ಧದಲ್ಲಲ್ಲ, ಮೊದಲನೆಯದರಲ್ಲಿ. ಇದನ್ನು ಅರ್ಥ ಮಾಡಿಕೊಳ್ಳಲು ಕಾರ್ಲ್ ಬಾಷ್ ಅವರ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ಬದುಕಿನ ನಡುವೆ ಇರುವುದು ಒಂದು ಉಕ್ಕಿನ ಕೊಳವೆ, ಮತ್ತು ಅದರ ಯಾವ ಜಾಗಕ್ಕೆ ಎಷ್ಟು ಕಾವು ತಾಗಬೇಕು ಎಂಬ ಪ್ರಶ್ನೆ.

ಕಾರ್ಲ್ ಹುಟ್ಟಿದ್ದು 1874ರ ಆಗಸ್ಟ್ 27ರಂದು, ಜರ್ಮನಿಯ ಕಲೋನ್ ನಗರದಲ್ಲಿ. ತಂದೆಗೆ ಗ್ಯಾಸ್ ಮತ್ತು ನೀರಿನ ಪೈಪ್ ಜೋಡಣೆಯ ಸಾಮಾನು ಮಾರುವ ವ್ಯಾಪಾರ. ಹುಡುಗ ಪೈಪು, ವಾಲ್ವು, ಬೆಸುಗೆಗಳ ನಡುವೆಯೇ ಬೆಳೆದ. ಕಾಲೇಜಿಗೆ ಹೋಗುವ ಮೊದಲು ಒಂದು ಲೋಹದ ಕಾರ್ಖಾನೆಯಲ್ಲಿ ಕೈಯಾರೆ ಕೆಲಸ ಕಲಿತ. ಬರ್ಲಿನ್ನಿನ ಷಾರ್ಲೊಟೆನ್‌ಬರ್ಗ್‌ನಲ್ಲಿ ಲೋಹಶಾಸ್ತ್ರ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಬಳಿಕ ಲೈಪ್‌ಜಿಗ್‌ಗೆ ಹೋಗಿ ರಸಾಯನಶಾಸ್ತ್ರದಲ್ಲಿ 1898ರಲ್ಲಿ ಡಾಕ್ಟರೇಟ್ ಪಡೆದರು. ಲೋಹ ಗೊತ್ತಿದ್ದವರಿಗೆ ರಸಾಯನ ಗೊತ್ತಿರಲಿಲ್ಲ, ರಸಾಯನ ಗೊತ್ತಿದ್ದವರು ಸ್ಪ್ಯಾನರ್ ಹಿಡಿದವರಲ್ಲ. ಬಾಷ್‌ಗೆ ಎರಡೂ ಗೊತ್ತಿತ್ತು. ಮುಂದೆ ಕೈಹಿಡಿದದ್ದು ಇದೇ.

1899ರಲ್ಲಿ ಲುಡ್ವಿಗ್ಸ್‌ಹಾಫೆನ್‌ನ ಬಿಎಎಸ್ಎಫ್ ಕಂಪನಿ ಸೇರಿದರು. ಬಟ್ಟೆಯ ಬಣ್ಣ ತಯಾರಿಸುತ್ತಿದ್ದ ದೊಡ್ಡ ಕಂಪನಿ ಅದು. ಸೇರಿದ ಮರುವರ್ಷವೇ ಅವರ ಪಾಲಿಗೆ ಬಂದದ್ದು, ಇಂದಿನ ಮಾತಿನಲ್ಲಿ ಹೇಳುವುದಾದರೆ, ಒಂದು ಫ್ಯಾಕ್ಟ್ ಚೆಕ್. ಆ ಕಾಲದ ಹೆಸರಾಂತ ರಸಾಯನಶಾಸ್ತ್ರಜ್ಞ ವಿಲ್ಹೆಲ್ಮ್ ಓಸ್ಟ್‌ವಾಲ್ಡ್, ಬಿಸಿ ಕಬ್ಬಿಣದ ಮೇಲೆ ಸಾರಜನಕ ಮತ್ತು ಹೈಡ್ರೋಜನ್ ಹಾಯಿಸಿ ಅಮೋನಿಯಾ ತಯಾರಿಸಿದ್ದಾಗಿ ಕಂಪನಿಗೆ ತಿಳಿಸಿದ್ದರು. ಪರೀಕ್ಷಿಸಿ ನೋಡುವ ಕೆಲಸ ಇಪ್ಪತ್ತೈದರ ಆಸುಪಾಸಿನ ಬಾಷ್‌ಗೆ ಬಿತ್ತು. ಪ್ರಯೋಗ ಮಾಡಿದಾಗ ಅಮೋನಿಯಾ ಬಂದದ್ದು ನಿಜ. ಆದರೆ ಅದು ಗಾಳಿಯ ಸಾರಜನಕದಿಂದ ಬಂದದ್ದಲ್ಲ, ಕಬ್ಬಿಣದೊಳಗೆ ಮೊದಲೇ ಸೇರಿಕೊಂಡಿದ್ದ ಸಾರಜನಕದಿಂದ ಬಂದದ್ದು ಎಂದು ಬಾಷ್ ಪತ್ತೆ ಹಚ್ಚಿದರು. ದೊಡ್ಡವರಿಗೆ ಸಿಟ್ಟು ಬಂತು. ಕೊನೆಗೆ ತಮ್ಮ ಹಕ್ಕುಸಾಧನೆಯನ್ನು ಅವರೇ ಹಿಂತೆಗೆದುಕೊಂಡರು. ಓಸ್ಟ್‌ವಾಲ್ಡ್ ಸುಳ್ಳು ಹೇಳಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಣ್ಣಿಗೆ ಕಂಡದ್ದನ್ನೇ ಹೇಳಿದ್ದರು, ಎಲ್ಲಿಂದ ಬಂತೆಂದು ನೋಡಿರಲಿಲ್ಲ.

ಅಮೋನಿಯಾ ಯಾಕೆ ಅಷ್ಟು ಮುಖ್ಯವಾಗಿತ್ತು? ಗಿಡಕ್ಕೆ ಸಾರಜನಕ ಬೇಕು. ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇರುವುದು ಅದೇ, ಆದರೆ ಆ ರೂಪದಲ್ಲಿ ಬೆಳೆ ಅದನ್ನು ಉಣ್ಣಲಾರದು. ಯುರೋಪಿನ ರೈತರು ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ಹಡಗಿನಲ್ಲಿ ಬರುತ್ತಿದ್ದ ನೈಟ್ರೇಟ್ ಉಪ್ಪನ್ನು ನಂಬಿದ್ದರು. ಅದು ಒಂದು ದಿನ ಮುಗಿದರೆ ಗತಿಯೇನು ಎಂಬ ಭಯ ವಿಜ್ಞಾನಿಗಳಿಗಿತ್ತು.

1909ರಲ್ಲಿ ಕಾರ್ಲ್ಸ್‌ರೂಹೆ ನಗರದ ಫ್ರಿಟ್ಜ್ ಹೇಬರ್ ದಾರಿ ತೋರಿಸಿದರು. ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಬಿಸಿ, ವಾತಾವರಣದ ಒತ್ತಡಕ್ಕಿಂತ ಇನ್ನೂರರಷ್ಟು ಒತ್ತಡ, ಆಸ್ಮಿಯಮ್ ಎಂಬ ಅಪರೂಪದ ಲೋಹ. ಇವು ಸೇರಿದರೆ ಮೇಜಿನ ಮೇಲಿನ ಪುಟ್ಟ ಉಪಕರಣದಲ್ಲಿ ಅಮೋನಿಯಾ ತೊಟ್ಟಿಕ್ಕುತ್ತಿತ್ತು. ಅಷ್ಟು ಒತ್ತಡ ಎಂದಾಗ ಬಿಎಎಸ್ಎಫ್‌ನ ಹಿರಿಯರು ಬೆಚ್ಚಿಬಿದ್ದರು. ಉಕ್ಕಿನ ಗುಣ ಬಲ್ಲ ಬಾಷ್ ಮಾತ್ರ, ಸಾಧ್ಯ ಎಂದರು. ಹೇಬರ್ ಕಂಡುಹಿಡಿದರು, ಬಾಷ್ ದೊಡ್ಡದು ಮಾಡಿದರು ಎಂದು ಶಾಲೆಯ ಪುಸ್ತಕ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತದೆ. ಆ ದೊಡ್ಡದು ಮಾಡುವುದರಲ್ಲಿ ಏನೇನಿತ್ತು ಎಂಬುದೇ ನಮ್ಮ ಮಟ್ಟಿಗೆ ಹೆಚ್ಚು ಕುತೂಹಲದ ಭಾಗ.

ಆಸ್ಮಿಯಮ್ ಜಗತ್ತಿನಲ್ಲೇ ಬಹಳ ಕಡಿಮೆ ಸಿಗುತ್ತಿತ್ತು. ಬಾಷ್ ತಂಡದ ಆಲ್ವಿನ್ ಮಿಟಾಷ್ ಸಾವಿರಾರು ಪ್ರಯೋಗ ನಡೆಸಿ, ಕಬ್ಬಿಣಕ್ಕೆ ಅಲ್ಯೂಮಿನಾ, ಪೊಟ್ಯಾಷ್‌ನಂಥವನ್ನು ಚೂರು ಬೆರೆಸಿದರೆ ಸಾಕು ಎಂದು ಕಂಡುಕೊಂಡರು. ಇಂದಿಗೂ ಬಳಕೆಯಲ್ಲಿರುವುದು ಬಹುತೇಕ ಇದೇ ಪಾಕ.

ಕೊಳವೆಯದ್ದೇ ದೊಡ್ಡ ತಲೆನೋವಾಯಿತು. ದಪ್ಪ ಉಕ್ಕಿನ ಕೊಳವೆಯೊಳಗೆ ವೇಗವರ್ಧಕ ತುಂಬಿ, ಹೊರಗಿನಿಂದ ಬಿಸಿ ಮಾಡಿ, ಒಳಗೆ ಒತ್ತಡದ ಅನಿಲ ಹಾಯಿಸಿದರು. ಸುಮಾರು 80 ಗಂಟೆ ಚೆನ್ನಾಗಿ ಓಡಿತು, ಆಮೇಲೆ ಸಿಡಿಯಿತು. ಒತ್ತಡ ತಾಳಲಾರದೆ ಸಿಡಿಯಿತೆಂದರೆ ಇನ್ನೂ ದಪ್ಪ ಕೊಳವೆ ತರಬಹುದಿತ್ತು. ಬಾಷ್ ಹಾಗೆ ಮಾಡಲಿಲ್ಲ. ಒಡೆದ ಉಕ್ಕನ್ನು ಕತ್ತರಿಸಿ, ಉಜ್ಜಿ ನುಣುಪು ಮಾಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. ಒಳಗಿನ ಪದರದ ಉಕ್ಕು ಉಕ್ಕಾಗಿಯೇ ಉಳಿದಿರಲಿಲ್ಲ.

ಕಬ್ಬಿಣಕ್ಕೆ ಚೂರು ಇಂಗಾಲ ಸೇರಿದರೆ ಉಕ್ಕು. ಗಟ್ಟಿತನ ಬರುವುದು ಆ ಇಂಗಾಲದಿಂದಲೇ. ಹೈಡ್ರೋಜನ್ ಅಣುವೋ ಬಹಳ ಸಣ್ಣದು. ಕಾದ ಉಕ್ಕಿನೊಳಗೆ ಅದು ನುಸುಳುತ್ತದೆ, ಅಲ್ಲಿನ ಇಂಗಾಲವನ್ನು ಹಿಡಿದು ಮೀಥೇನ್ ಅನಿಲವಾಗುತ್ತದೆ. ಇಂಗಾಲ ಕಳೆದುಕೊಂಡ ಲೋಹದೊಳಗೆ ಮೀಥೇನ್ ಸಿಕ್ಕಿಕೊಂಡು ಬಿರುಕು ಮೂಡಿಸುತ್ತದೆ. ಗೆದ್ದಲು ತಿಂದ ತೊಲೆಯ ಹಾಗೆ, ಹೊರಗೆ ನೋಡಿದರೆ ಏನೂ ಆಗಿಲ್ಲ. ಬಿಸಿ ಹೆಚ್ಚಿದಷ್ಟೂ ಈ ತಿನ್ನುವಿಕೆ ಜೋರು. ಹೊರಗಿನಿಂದ ಬೆಂಕಿ ಕೊಟ್ಟಾಗ ಅತಿ ಹೆಚ್ಚು ಕಾಯುವುದು ಕೊಳವೆಯ ಗೋಡೆಯೇ, ಅಂದರೆ ಒತ್ತಡವನ್ನು ಹೊತ್ತು ನಿಂತಿರುವ ಜಾಗವೇ.

1911ರಲ್ಲಿ ಬಾಷ್ ಕಂಡುಕೊಂಡ ಉಪಾಯವನ್ನು ಅಡುಗೆಮನೆಯಲ್ಲೇ ವಿವರಿಸಬಹುದು. ಒಂದೇ ಪಾತ್ರೆಗೆ ಎರಡು ಕೆಲಸ ಕೊಡಬಾರದು. ಒಳಗೊಂದು ತೆಳುವಾದ ಮೆದು ಕಬ್ಬಿಣದ ಅಂಗಿ. ಅದರಲ್ಲಿ ಇಂಗಾಲವೇ ಇಲ್ಲದಿದ್ದ ಮೇಲೆ ಹೈಡ್ರೋಜನ್ ಕದಿಯುವುದೇನನ್ನು? ಹೊರಗೊಂದು ದಪ್ಪ ಉಕ್ಕಿನ ಕವಚ, ಒತ್ತಡ ಹೊರಲು. ಅಂಗಿಯ ಮೂಲಕ ನುಸುಳಿ ಬಂದ ಹೈಡ್ರೋಜನ್ ಕವಚದ ಮೇಲೆ ಕುಳಿತು ಕೆಲಸ ಕೆಡಿಸಬಾರದಲ್ಲ, ಅದಕ್ಕೆ ಕವಚಕ್ಕೆ ಸಣ್ಣ ಸಣ್ಣ ತೂತು ಕೊರೆದರು. ಒತ್ತಡದ ಪಾತ್ರೆಯನ್ನು ಉಳಿಸಲು ಅದಕ್ಕೇ ತೂತು ಕೊರೆಯುವುದು! ಹೊರಬಂದ ಹೈಡ್ರೋಜನ್ ಅಲ್ಪ, ಅದು ಗಾಳಿಗೆ ಹೋಗುತ್ತಿತ್ತು.

ಜೊತೆಗೆ ಬೆಂಕಿಯನ್ನೂ ಒಳಗೆ ತಂದರು. ಹೊರಗಿನ ಉರಿ ಬಿಟ್ಟು, ಅನಿಲಕ್ಕೆ ಸ್ವಲ್ಪವೇ ಗಾಳಿ ಸೇರಿಸಿ ಕೊಳವೆಯೊಳಗೇ ಅದರ ಒಂದು ಪಾಲನ್ನು ಉರಿಸಿದರು. ಕಾವು ಬೇಕಾದ ಜಾಗದಲ್ಲೇ ಹುಟ್ಟಿತು, ಗೋಡೆ ತಂಪಾಗಿ ಉಳಿಯಿತು. ಅಮೋನಿಯಾ ಹುಟ್ಟುವಾಗ ತಾನೇ ಬಿಸಿ ಬಿಡುತ್ತದೆ. ಹೊರಹೋಗುವ ಬಿಸಿ ಅನಿಲದಿಂದ ಒಳಬರುವ ತಣ್ಣನೆಯ ಅನಿಲವನ್ನು ಕಾಯಿಸುವ ಏರ್ಪಾಡು ಸರಿಹೋದ ಮೇಲೆ ಒಮ್ಮೆ ಹೊತ್ತಿಸಿದರೆ ಸಾಕಾಯಿತು, ತನ್ನ ಕಾವಿನಲ್ಲೇ ಓಡುತ್ತಿತ್ತು. ಬಿಸಿ ತೀರ ಏರಿದರೆ ಅಮೋನಿಯಾ ಕಡಿಮೆಯಾಗುತ್ತದೆ, ವೇಗವರ್ಧಕ ಸಾಯುತ್ತದೆ. ತೀರ ಇಳಿದರೆ ಕ್ರಿಯೆಯೇ ನಿಲ್ಲುತ್ತದೆ. ಎರಡರ ನಡುವಿನ ಸಣ್ಣ ಹಾದಿಯಲ್ಲಿ ಇಡೀ ವೇಗವರ್ಧಕವನ್ನು ಹಿಡಿದಿಡಬೇಕಿತ್ತು.

1913ರ ಸೆಪ್ಟೆಂಬರ್‌ನಲ್ಲಿ ಲುಡ್ವಿಗ್ಸ್‌ಹಾಫೆನ್ ಪಕ್ಕದ ಓಪಾವ್‌ನಲ್ಲಿ ಕಾರ್ಖಾನೆ ಶುರುವಾಯಿತು. ತಯಾರಾದದ್ದು ಅಮೋನಿಯಂ ಸಲ್ಫೇಟ್, ಹೊಲಕ್ಕೆ ಹಾಕುವ ಗೊಬ್ಬರ. ಯುದ್ಧ ಇನ್ನೂ ಹನ್ನೊಂದು ತಿಂಗಳು ದೂರವಿತ್ತು. ಮುಂದೆ 1922ರಲ್ಲಿ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್‌ನಿಂದ ಯೂರಿಯಾ ತಯಾರಿಸುವ ವಿಧಾನಕ್ಕೆ ಬಾಷ್ ಮತ್ತು ವಿಲ್ಹೆಲ್ಮ್ ಮೈಸರ್ ಪೇಟೆಂಟ್ ಪಡೆದರು. ನಮ್ಮ ರೈತರು ಸೊಸೈಟಿ ಮುಂದೆ ಸಾಲು ನಿಂತು ತರುವ ಮೂಟೆಯ ಯೂರಿಯಾ ಅದೇ ವಿಧಾನದ ವಂಶದ್ದು. ಎರಡನೇ ಮಹಾಯುದ್ಧದ ಉಳಿಕೆ ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ. ಅಷ್ಟೇಕೆ, ಆ ಯುದ್ಧ ಮುಗಿಯುವ ಮೊದಲೇ ನಮ್ಮ ಮೈಸೂರಿನ ಹತ್ತಿರದ ಬೆಳಗೊಳದಲ್ಲಿ ಅಮೋನಿಯಾ ತಯಾರಿಸಿ ಗೊಬ್ಬರ ಮಾಡುವ ಕಾರ್ಖಾನೆ ನಡೆಯುತ್ತಿತ್ತು.

ಆ ಒಂದು ಚೂರು ನಿಜ ಯಾವುದು? 1914ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ ಸಮುದ್ರದ ದಾರಿ ಮುಚ್ಚಿತು, ಚಿಲಿಯ ನೈಟ್ರೇಟ್ ಜರ್ಮನಿಗೆ ಬರುವುದು ನಿಂತಿತು. ಮದ್ದುಗುಂಡಿಗೂ ಅದೇ ಬೇಕಿತ್ತು. ಅಮೋನಿಯಾವನ್ನು ನೈಟ್ರಿಕ್ ಆಮ್ಲವಾಗಿ ಬದಲಿಸಿ ಕೊಡುವುದಾಗಿ ಬಾಷ್ ಸರ್ಕಾರಕ್ಕೆ ಮಾತು ಕೊಟ್ಟರು. 1915ರಲ್ಲಿ ಓಪಾವ್‌ನಿಂದ ಅದು ಹೊರಟಿತು, 1917ರಲ್ಲಿ ಲೊಯ್ನಾ ಎಂಬಲ್ಲಿ ಇನ್ನೂ ದೊಡ್ಡ ಕಾರ್ಖಾನೆ ಎದ್ದಿತು. ಈ ಕಾರ್ಖಾನೆಗಳಿಲ್ಲದಿದ್ದರೆ ಜರ್ಮನಿ ಅಷ್ಟು ವರ್ಷ ಕಾದಾಡಲು ಆಗುತ್ತಿರಲಿಲ್ಲ ಎಂಬುದು ಇತಿಹಾಸಕಾರರಲ್ಲಿ ಹೆಚ್ಚಿನವರ ಅಭಿಪ್ರಾಯ. ಇದನ್ನು ಮರೆಮಾಚಿ ಬಾಷ್‌ರನ್ನು ಅನ್ನದಾತನ ಪೀಠದಲ್ಲಿ ಕೂರಿಸುವ ಸಂದೇಶಗಳೂ ಬರುತ್ತವೆ. ಅವೂ ಅರ್ಧ ಸತ್ಯವೇ. ಎರಡನೇ ಯುದ್ಧದ ಬಳಿಕ ಅಮೆರಿಕದಲ್ಲಿ ಮದ್ದುಗುಂಡಿಗಾಗಿ ಕಟ್ಟಿದ ಅಮೋನಿಯಾ ಘಟಕಗಳು ಗೊಬ್ಬರದತ್ತ ಹೊರಳಿದ್ದೂ ನಿಜ. ವಾಟ್ಸಾಪ್ ಕಥೆ ಹುಟ್ಟಿದ್ದು ಬಹುಶಃ ಈ ತುದಿಯಿಂದ.

ಈಗ ಜರ್ಮನಿಯಿಂದ ಒಂದು ಕ್ಷಣ ನಮ್ಮ ಕಾಲಕ್ಕೆ ಬರೋಣ. ಅಮೋನಿಯಾಕ್ಕೆ ಬೇಕಾದ ಹೈಡ್ರೋಜನ್ನನ್ನು ಬಾಷ್ ಕಾಲದಲ್ಲಿ ಕಲ್ಲಿದ್ದಲ ಕೋಕ್ ಮತ್ತು ಹಬೆಯಿಂದ ಪಡೆಯುತ್ತಿದ್ದರು. ಇಂದು ಹೆಚ್ಚಾಗಿ ನೈಸರ್ಗಿಕ ಅನಿಲ ಮತ್ತು ಹಬೆಯಿಂದ. ಮಂಗಳೂರಿನ ಪಣಂಬೂರಿನ ಗೊಬ್ಬರ ಕಾರ್ಖಾನೆ ಮೊದಲು ನಾಫ್ತಾ ಬಳಸುತ್ತಿತ್ತು, ಕೊಚ್ಚಿಯಿಂದ ಪೈಪ್‌ಲೈನ್ ಬಂದ ಮೇಲೆ ಅನಿಲಕ್ಕೆ ಬದಲಾಯಿತು. ಈ ಕೆಲಸ ನಡೆಯುವ ದೊಡ್ಡ ಕುಲುಮೆಗೆ ರಿಫಾರ್ಮರ್ ಎನ್ನುತ್ತಾರೆ. ಹತ್ತು ಹನ್ನೆರಡು ಮೀಟರ್ ಎತ್ತರದ, ನಮ್ಮ ಅಂಗೈ ಅಗಲದ ನೂರಾರು ಕೊಳವೆಗಳು ಸಾಲುಸಾಲಾಗಿ ನಿಂತಿರುತ್ತವೆ. ಒಳಗೆ ನಿಕಲ್ ವೇಗವರ್ಧಕ, ಹೊರಗೆ ಬರ್ನರ್‌ಗಳ ಉರಿ.

ಇಲ್ಲಿ ಬಾಷ್ ಅವರ ಯುಕ್ತಿ ನೇರವಾಗಿ ನಡೆಯುವುದಿಲ್ಲ. ಅಮೋನಿಯಾ ಹುಟ್ಟುವಾಗ ಬಿಸಿ ಬಿಡುತ್ತದೆ, ರಿಫಾರ್ಮಿಂಗ್ ಬಿಸಿಯನ್ನು ಹೀರುತ್ತದೆ. ಹೊರಗಿನಿಂದ ಕೊಡುತ್ತಲೇ ಇರಬೇಕು. ಹಾಗಾಗಿ ಬಾಷ್ ತಪ್ಪಿಸಿಕೊಂಡ ಕಷ್ಟ ಪೂರ್ತಿಯಾಗಿ ಮರಳಿ ಬಂತು: ಕಾವು ಕೊಳವೆಯ ಗೋಡೆಯನ್ನು ದಾಟಿಯೇ ಒಳಹೋಗಬೇಕು, ಗೋಡೆಯ ಬಿಸಿ 900 ಡಿಗ್ರಿಯ ಆಸುಪಾಸು. ಕ್ರೋಮಿಯಂ, ನಿಕಲ್ ಹೆಚ್ಚಿರುವ ಮಿಶ್ರಲೋಹದ ಕೊಳವೆಗಳನ್ನು ಸುಮಾರು ಒಂದು ಲಕ್ಷ ಗಂಟೆ, ಅಂದರೆ ಹನ್ನೊಂದು ವರ್ಷ ಚಿಲ್ಲರೆ ಬಾಳಲೆಂದು ಲೆಕ್ಕ ಹಾಕಿ ಕೂರಿಸುತ್ತಾರೆ. ಆದರೆ ಗೋಡೆ ಲೆಕ್ಕಕ್ಕಿಂತ 20 ಡಿಗ್ರಿ ಹೆಚ್ಚು ಕಾದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ವೃತ್ತಿಯ ಹಳೆಯ ಸೂತ್ರ. 900ಕ್ಕೆ 20 ಎಂದರೆ ನಮಗೆ ಏನೂ ಅಲ್ಲ ಅನಿಸುತ್ತದೆ. ಕೊಳವೆಗೆ ಅದು ಐದಾರು ವರ್ಷ.

ದೋಸೆ ಕಾವಲಿ ನೆನಪಿಸಿಕೊಳ್ಳಿ. ನಡುವೆ ಸೀದಿದೆ, ಅಂಚು ಬೆಂದಿಲ್ಲ. ಉರಿ ಜಾಸ್ತಿ ಮಾಡಿದರೆ ಅಂಚು ಬೇಯುವ ಹೊತ್ತಿಗೆ ನಡುವೆ ಕರಕಲು. ರಿಫಾರ್ಮರ್‌ನಲ್ಲೂ ಅಷ್ಟೇ, ಸರಾಸರಿ ಬಿಸಿ ಸರಿಯಿದ್ದರೆ ಸಾಲದು. ಕೆಲವು ಕೊಳವೆಗಳು ತಣ್ಣಗಿದ್ದರೆ ಅವುಗಳಲ್ಲಿ ಮೀಥೇನ್ ಹಾಗೆಯೇ ಉಳಿದು ಹೊರಬರುತ್ತದೆ, ಕೊರತೆ ತುಂಬಲು ಒಟ್ಟು ಉರಿ ಏರಿಸಿದರೆ ಮೊದಲೇ ಕಾದಿದ್ದ ಕೊಳವೆ ಒಡೆಯುತ್ತದೆ. ಗೋಡೆಯ ಪಕ್ಕದ ಬರ್ನರ್‌ಗಳು ಒಂದೇ ಸಾಲಿನ ಕೊಳವೆಗೆ ಬಿಸಿ ಕೊಡುತ್ತವೆ, ನಡುವಿನವು ಎರಡು ಸಾಲಿಗೆ. ಅದಕ್ಕೆ ಪಕ್ಕದವುಗಳ ಉರಿ ಕಡಿಮೆ ಇಡಬೇಕು.

ತಪ್ಪು ಯಾವಾಗಲೂ ಬೆಂಕಿಯದ್ದೇ ಅಲ್ಲ ಎಂಬುದು ಇನ್ನೂ ಸೋಜಿಗದ ಮಾತು. ಒಂದು ಕೊಳವೆಯಲ್ಲಿ ವೇಗವರ್ಧಕದ ಗುಳಿಗೆಗಳು ಪುಡಿಯಾಗಿ ದಾರಿ ಕಟ್ಟಿತೆನ್ನಿ. ಅದರೊಳಗೆ ಅನಿಲ ಕಡಿಮೆ ಹರಿಯುತ್ತದೆ, ಕಾವು ಹೀರುವವರು ಒಳಗಿಲ್ಲ, ಗೋಡೆ ಕೆಂಪೇರುತ್ತದೆ. ನೀರಿಲ್ಲದ ಪಾತ್ರೆ ಒಲೆಯ ಮೇಲೆ ಉಳಿದ ಹಾಗೆ. ಅದಕ್ಕೇ ವೇಗವರ್ಧಕ ತುಂಬುವಾಗ ಒಂದೊಂದು ಕೊಳವೆಯಲ್ಲೂ ಗಾಳಿ ಹಾಯಿಸಿ ಎಲ್ಲವೂ ಒಂದೇ ಸಮ ತಡೆಯೊಡ್ಡುತ್ತವೆಯೇ ಎಂದು ಅಳೆಯುತ್ತಾರೆ. ಕುಲುಮೆ ಓಡುವಾಗ ಗೋಡೆಯ ಇಣುಕುಕಿಂಡಿಯಿಂದ ಕೆಲಸಗಾರರು ಒಳಗೆ ನೋಡುತ್ತಾರೆ. ಕೊಳವೆಯ ಮೇಲೆ ಜಿರಾಫೆ ಮೈಯಂತೆ ಮಚ್ಚೆ, ಹುಲಿಯ ಬಾಲದಂತೆ ಪಟ್ಟೆ ಕಂಡರೆ ಒಳಗೆ ಏನೋ ಕೆಟ್ಟಿದೆ ಎಂದೇ ಅರ್ಥ. ಮುಂದಿನ ಹಂತದಲ್ಲಿ ಎರಡನೇ ರಿಫಾರ್ಮರ್ ಇರುತ್ತದೆ. ಅಲ್ಲಿ ಅನಿಲಕ್ಕೆ ಗಾಳಿ ಬೆರೆಸಿ ಒಳಗೇ ಒಂದು ಪಾಲು ಉರಿಸುತ್ತಾರೆ. ಬಾಷ್ ತಂಡದ ಹಳೆಯ ಯುಕ್ತಿ ನೆನಪಾಗದೆ ಇರದು.

ಬಾಷ್ ಅವರ ಬದುಕಿಗೆ ಮರಳೋಣ. 1921ರ ಸೆಪ್ಟೆಂಬರ್ 21ರ ಬೆಳಗ್ಗೆ ಏಳೂವರೆಯ ಹೊತ್ತಿಗೆ ಓಪಾವ್ ಕಾರ್ಖಾನೆಯ ಗೊಬ್ಬರದ ಗೋದಾಮು ಸ್ಫೋಟಿಸಿತು. 500ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಮನೆ ಕಳೆದುಕೊಂಡರು. ಅಲ್ಲಿದ್ದದ್ದು ಅಮೋನಿಯಂ ಸಲ್ಫೇಟ್ ಮತ್ತು ನೈಟ್ರೇಟ್ ಬೆರೆಸಿದ ಸುಮಾರು 4,500 ಟನ್ ರಾಶಿ. ಅದು ಗಟ್ಟಿಕಟ್ಟಿದಾಗ ಸಣ್ಣ ಸಿಡಿಮದ್ದು ಇಟ್ಟು ಸಡಿಲಿಸುವುದು ರೂಢಿಯಾಗಿತ್ತು. ಸಾವಿರಾರು ಸಲ ಹಾಗೆ ಮಾಡಿದ್ದರು, ಏನೂ ಆಗಿರಲಿಲ್ಲ. ಈ ಪಾಕ ಸಿಡಿಯುವುದಿಲ್ಲ ಎಂಬ ನಂಬಿಕೆ ಸರಿಯೇ, ಎರಡೂ ಸಮವಾಗಿ ಬೆರೆತಿದ್ದರೆ. ಅದೇ ವರ್ಷ ಒಣಗಿಸುವ ವಿಧಾನ ಬದಲಾಗಿತ್ತು. ರಾಶಿಯ ಕೆಲವೆಡೆ ನೈಟ್ರೇಟ್ ಹೆಚ್ಚಾಗಿ ಸೇರಿ, ತೇವವೂ ಕಡಿಮೆಯಾಗಿತ್ತು ಎಂಬುದೇ ಹೆಚ್ಚು ಒಪ್ಪಿತವಾದ ವಿವರಣೆ. ಕೊಳವೆಯೊಳಗೆ ಒಂದೊಂದು ಡಿಗ್ರಿ ಕಾದು ನೋಡುತ್ತಿದ್ದ ಕಂಪನಿ, ಗೋದಾಮಿನ ರಾಶಿಯ ಮೇಲೆ ಅಷ್ಟು ಕಣ್ಣಿಡಲಿಲ್ಲ. ಸತ್ತವರಿಗಾಗಿ ನಡೆದ ಶೋಕಸಭೆಯಲ್ಲಿ ಮಾತಾಡಿದವರು ಬಾಷ್.

1925ರಲ್ಲಿ ಜರ್ಮನಿಯ ದೊಡ್ಡ ರಾಸಾಯನಿಕ ಕಂಪನಿಗಳು ಸೇರಿ ಐಜಿ ಫಾರ್ಬೆನ್ ಆಯಿತು, ಬಾಷ್ ಅದರ ಮುಖ್ಯಸ್ಥರಾದರು. 1931ರ ರಸಾಯನಶಾಸ್ತ್ರ ನೊಬೆಲ್ ಅವರಿಗೂ ಫ್ರೀಡ್ರಿಷ್ ಬೆರ್ಗಿಯಸ್‌ಗೂ ಹಂಚಿಕೆಯಾಯಿತು. ಅಧಿಕ ಒತ್ತಡದ ಎಂಜಿನಿಯರಿಂಗ್‌ಗೆ ನೊಬೆಲ್ ಬಂದದ್ದು ಆಗ ಹೊಸತು. ಕಲ್ಲಿದ್ದಲಿನಿಂದ ಪೆಟ್ರೋಲ್ ತೆಗೆಯುವ ಯೋಜನೆಗೆ ಅವರು ಅಪಾರ ಹಣ ಸುರಿದಿದ್ದರು, ಅದು ನಷ್ಟದಲ್ಲಿತ್ತು. 1933ರಲ್ಲಿ ಹಿಟ್ಲರ್ ಸರ್ಕಾರ ಆ ಪೆಟ್ರೋಲ್ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಒಪ್ಪಂದದ ಇನ್ನೊಂದು ತುದಿಯಲ್ಲಿ ಬಾಷ್ ಇದ್ದರು.

ಅದೇ ವರ್ಷ ಯಹೂದಿ ವಿಜ್ಞಾನಿಗಳನ್ನು ಕೆಲಸದಿಂದ ತೆಗೆಯತೊಡಗಿದಾಗ, ಇದರಿಂದ ದೇಶದ ವಿಜ್ಞಾನ ಹಿಂದೆ ಬೀಳುತ್ತದೆ ಎಂದು ಬಾಷ್ ಹಿಟ್ಲರ್ ಎದುರೇ ಹೇಳಿದರು. ಹಿಟ್ಲರ್ ಕೇಳಲಿಲ್ಲ. ಯಹೂದಿ ಮೂಲದ ಹೇಬರ್ ದೇಶ ಬಿಟ್ಟು, 1934ರ ಜನವರಿಯಲ್ಲಿ ಸ್ವಿಟ್ಜರ್‌ಲೆಂಡ್‌ನ ಬಾಸೆಲ್‌ನಲ್ಲಿ ತೀರಿಕೊಂಡರು. ಮರುವರ್ಷ ಬರ್ಲಿನ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಏರ್ಪಡಿಸಿದ ಸ್ಮರಣೆಯ ಸಭೆಗೆ ಪ್ರಾಧ್ಯಾಪಕರು ಹೋಗಕೂಡದೆಂದು ಸರ್ಕಾರ ಆಜ್ಞೆ ಮಾಡಿತ್ತು. ಬಾಷ್ ಕಂಪನಿಯ ಹಿರಿಯರೊಂದಿಗೆ ಹೋಗಿ ಕುಳಿತರು. 1937ರಲ್ಲಿ ಪ್ಲಾಂಕ್ ಬಳಿಕ ಕೈಸರ್ ವಿಲ್ಹೆಲ್ಮ್ ಸಂಸ್ಥೆಯ ಅಧ್ಯಕ್ಷರಾದರು. 1939ರಲ್ಲಿ ಮ್ಯೂನಿಕ್‌ನಲ್ಲಿ, ವಿಜ್ಞಾನಕ್ಕೆ ಸ್ವಾತಂತ್ರ್ಯ ಬೇಕು ಎಂಬರ್ಥದ ಭಾಷಣ ಮಾಡಿ ಆಳುವವರ ಕೆಂಗಣ್ಣಿಗೆ ಗುರಿಯಾದರು.

ಕೊನೆಯ ವರ್ಷಗಳಲ್ಲಿ ಖಿನ್ನತೆ, ಕುಡಿತ ಎರಡೂ ಅವರನ್ನು ಹಿಡಿದಿದ್ದವು. ಜೀರುಂಡೆ, ಚಿಟ್ಟೆ, ಖನಿಜಗಳ ದೊಡ್ಡ ಸಂಗ್ರಹ ಅವರಲ್ಲಿತ್ತು. ಆಕಾಶ ನೋಡಲು ಸ್ವಂತ ವೀಕ್ಷಣಾಲಯ ಕಟ್ಟಿಸಿದ್ದರು. ಹೈಡೆಲ್‌ಬರ್ಗ್‌ನ ಮೃಗಾಲಯ ಆರಂಭವಾದದ್ದೂ ಅವರ ನೆರವಿನಿಂದ. ಅದೇ ಊರಿನಲ್ಲಿ 1940ರ ಏಪ್ರಿಲ್ 26ರಂದು ತೀರಿಕೊಂಡರು. ಐಜಿ ಫಾರ್ಬೆನ್ ಔಷ್ವಿಟ್ಸ್‌ನಲ್ಲಿ ಕೈದಿಗಳನ್ನು ದುಡಿಸಿ ಕಾರ್ಖಾನೆ ಕಟ್ಟಿಸಿದ್ದು ಅದರ ನಂತರ.

ಇಂದು ಜಗತ್ತಿನ ಸುಮಾರು ಅರ್ಧದಷ್ಟು ಜನರ ಊಟದ ಹಿಂದೆ ಈ ವಿಧಾನದ ಸಾರಜನಕ ಇದೆ ಎಂದು ಅಂದಾಜು. 1921ರಲ್ಲಿ ತಯಾರಾದ ಒಂದು ಅಮೋನಿಯಾ ರಿಯಾಕ್ಟರ್, ಹೇಬರ್ ಪ್ರಯೋಗ ನಡೆಸಿದ ಕಾರ್ಲ್ಸ್‌ರೂಹೆಯ ವಿದ್ಯಾಸಂಸ್ಥೆಯ ಆವರಣದಲ್ಲಿ ಬಯಲಿನಲ್ಲೇ ನಿಂತಿದೆ. ನೋಡಲು ನೆಟ್ಟಗೆ ನಿಲ್ಲಿಸಿದ ಫಿರಂಗಿಯಂತೆಯೇ ಇದೆ. ಅದರ ಫೋಟೋ ಯಾರಾದರೂ ಬಾಂಬ್ ಎಂದು ಕಳುಹಿಸಿದರೆ, ಅದರೊಳಗೆ ತಯಾರಾಗುತ್ತಿದ್ದದ್ದು ಅಮೋನಿಯಾ ಎಂದು ಬರೆದು ಮರಳಿ ಕಳುಹಿಸಿ.